ಹಗುರ ಲ್ಯಾಪ್‌ಟಾಪು ಹೊತ್ತು ಕಲಿತದ್ದು

ನಾನು ಕರಡು ತಿದ್ದುವವಳು, ನಡುನಡುವೆ ಅನುವಾದವನ್ನೂ ಮಾಡುತ್ತೇನೆ. ಮನೆ ಶಿರಸಿಯಲ್ಲಿ, ಕೆಲಸ ಕೊಡುವವರು ಹುಬ್ಬಳ್ಳಿ-ಧಾರವಾಡದಲ್ಲಿ. ತಿಂಗಳಿಗೆ ನಾಲ್ಕೈದು ಸಲ ಬಸ್ಸು ಹತ್ತಬೇಕು. ಎರಡೂವರೆ ಕಿಲೋದ ಹಳೆಯ ಲ್ಯಾಪ್‌ಟಾಪು ಹೊತ್ತು ಹೊತ್ತು ಬಲಭುಜ ಹಿಡಿದುಕೊಂಡಾಗ, 2019ರಲ್ಲಿ, ₹19,000 ಕೊಟ್ಟು ಹಗುರವಾದದ್ದೊಂದನ್ನು ತಂದೆ. ಅದು ಹೋದಮೇಲೆ 2022ರಲ್ಲಿ ಅದೇ ಜಾತಿಯ ಇನ್ನೊಂದು. ತಪ್ಪುಗಳು ಸಾಕಷ್ಟಾದವು. ಹೆಚ್ಚಿನವು ದುಡ್ಡು ಕೊಡುವ ಮೊದಲೇ, ಅಂಗಡಿಯಲ್ಲಿ ನಿಂತಾಗಲೇ ಆದವು.

1. ಚಾರ್ಜರನ್ನೂ ಸೇರಿಸಿ ತೂಗಿ

ಡಬ್ಬಿಯ ಮೇಲೆ 1.2 ಕಿಲೋ ಎಂದಿತ್ತು. ಅಷ್ಟನ್ನೇ ನಂಬಿದೆ. ಚಾರ್ಜರು, ಮೌಸು, ಇದ್ದ ಎರಡೇ ಯುಎಸ್‌ಬಿ ಕಿಂಡಿ ಸಾಲದೆ ಕೊಂಡ ಹಬ್ಬು, ಹಾರ್ಡ್ ಡಿಸ್ಕು ಎಲ್ಲ ಸೇರಿಸಿ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಎರಡು ಕಿಲೋದ ಹತ್ತಿರ ಬಂತು. ಎರಡನೆಯದನ್ನು ಕೊಳ್ಳುವಾಗ ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುತ್ತದೆಯೇ ಎಂದು ಕೇಳಿ, ಎದುರಿಗೇ ಹಾಕಿಸಿ ನೋಡಿದೆ. ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆಂದೇನಿಲ್ಲ, ಕೆಲವದರಲ್ಲಿ ಫೈಲು ಸಾಗಿಸಲಿಕ್ಕಷ್ಟೇ ಬರುತ್ತದೆ. ಈಗ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ 45 ವ್ಯಾಟಿನ ಚಾರ್ಜರು.

2. ಕನ್ನಡ ಪುಟವೊಂದನ್ನು ತೆರೆದು ಪರದೆ ನೋಡಿ

ಅಂಗಡಿಯಲ್ಲಿ ಜಲಪಾತದ ವಿಡಿಯೊ ಹಾಕಿ ತೋರಿಸಿದರು. ನೀರು ಚೆನ್ನಾಗಿಯೇ ಕಂಡಿತು. ನಾನು ದಿನವಿಡೀ ನೋಡುವುದು ಅಕ್ಷರ ಎಂಬುದು ಆಗ ಹೊಳೆಯಲಿಲ್ಲ.

ಅದು 14 ಅಂಗುಲದ ಪರದೆ, ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಅಷ್ಟು ಚುಕ್ಕಿಯಲ್ಲಿ ಇಂಗ್ಲಿಷ್ ಓದಬಹುದು. ಕನ್ನಡದಲ್ಲಿ ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಒತ್ತಕ್ಷರಗಳಂತೂ ಒಂದರ ಮೇಲೊಂದು ಕುಳಿತು ಮಸಿಯ ಮುದ್ದೆಯಾಗುತ್ತಿದ್ದವು. ಸಾಲದ್ದಕ್ಕೆ ಅದು ಟಿಎನ್ ಬಗೆಯ ಪರದೆ. ಕತ್ತು ತುಸು ಮೇಲೆ ಕೆಳಗೆ ಆದರೂ ಅಕ್ಷರ ಬಿಳಿಚಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡವರ ಕತ್ತು ಒಂದೇ ಕಡೆ ನಿಲ್ಲುವುದುಂಟೇ?

ಆ ವರ್ಷ ನಾನು ತಿದ್ದಿದ ಒಂದು ಪುಸ್ತಕದಲ್ಲಿ ‘ಸಾಧನೆ’ ‘ಸಾದನೆ’ಯಾಗಿ, ‘ವಿಧಾನ’ ‘ವಿದಾನ’ವಾಗಿ ಅಚ್ಚಾಯಿತು. ಒಂದೆರಡು ಕಡೆಯಲ್ಲ. ಲೇಖಕರು ಬಯ್ಯಲಿಲ್ಲ. ಪ್ರತಿಯೊಂದು ತಪ್ಪಿಗೂ ಪುಟದಂಚಿನಲ್ಲಿ ಪೆನ್ಸಿಲಿನ ಗುರುತು ಹಾಕಿದ ಪ್ರತಿಯೊಂದನ್ನು ಕಳಿಸಿಕೊಟ್ಟರು. ಅದನ್ನು ತೆರೆದ ದಿನ ನನಗೆ ಊಟ ಸೇರಲಿಲ್ಲ. ತಪ್ಪನ್ನು ಪರದೆಯ ಮೇಲೆ ಹೊರಿಸಬಹುದಿತ್ತು, ಆದರೆ ಕೊನೆಯ ಕರಡನ್ನು ಕಾಗದದ ಮೇಲೆ ಓದುವ ರೂಢಿ ಬಿಟ್ಟವಳು ನಾನೇ.

ಕಡಿಮೆ ಬೆಲೆಯ ಲ್ಯಾಪ್‌ಟಾಪಿನಲ್ಲಿ ಮೊದಲು ಉಳಿತಾಯ ಮಾಡುವ ಜಾಗಗಳಲ್ಲಿ ಪರದೆ ಒಂದು. ಕೊಂಡಮೇಲೆ ಬದಲಾಯಿಸುವುದು ಕಷ್ಟ. ಎರಡನೆಯ ಸಲ ಪೆನ್‌ಡ್ರೈವಿನಲ್ಲಿ 11 ಪಾಯಿಂಟಿನ ಕನ್ನಡ ಪುಟವೊಂದನ್ನು ಒಯ್ದು, ಪರದೆಯನ್ನು ಹಿಂದೆ ಮುಂದೆ ಬಾಗಿಸಿ ಓದಿ ನೋಡಿಯೇ ಕೊಂಡೆ. 1920×1080 ಚುಕ್ಕಿಯ ಐಪಿಎಸ್ ಪರದೆಗೆ ಮೂರು ಸಾವಿರ ಹೆಚ್ಚಾಯಿತು. ನನ್ನ ಲೆಕ್ಕದಲ್ಲಿ ಅತ್ಯಂತ ಸರಿಯಾಗಿ ಖರ್ಚಾದ ಮೂರು ಸಾವಿರ ಅದು.

3. ಬಲಗಡೆಯ ಶಿಫ್ಟ್ ಕೀ ಎಷ್ಟಗಲವಿದೆ ನೋಡಿ

ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಬೆರಳಚ್ಚು ಮಾಡುವವರಿಗೆ ಮಹಾಪ್ರಾಣವೆಂದರೆ ಶಿಫ್ಟ್. ಧ ಒತ್ತುವುದು ಎಡಗೈ, ಶಿಫ್ಟ್ ಹಿಡಿಯುವುದು ಬಲಗೈ. ಮೊದಲನೆಯದರಲ್ಲಿ ಆ ಕೀಯನ್ನು ಕಿರಿದು ಮಾಡಿ, ಪಕ್ಕಕ್ಕೇ ಮೇಲ್ಬಾಣದ ಕೀ ಕೂರಿಸಿದ್ದರು. ಧ ಬರೆಯಹೋದರೆ ಕರ್ಸರು ಮೇಲಿನ ಸಾಲಿಗೆ ಹಾರಿ ಅಲ್ಲೊಂದು ದ ಬೀಳುತ್ತಿತ್ತು. ಅಂಗಡಿಯಲ್ಲಿ ಎರಡು ಸಾಲು ಟೈಪು ಮಾಡಿದ್ದರೂ ತಿಳಿಯುತ್ತಿತ್ತು.

4. ಬೆಸುಗೆ ಹಾಕಿದ್ದು ಯಾವುದು, ಬಿಚ್ಚಲು ಬರುವುದು ಯಾವುದು ಎಂದು ಮೊದಲೇ ಕೇಳಿ

4 ಜಿಬಿ ರ‍್ಯಾಮು, 64 ಜಿಬಿ ಸಂಗ್ರಹ. ಸಾಲದಿದ್ದರೆ ಮುಂದೆ ಹೆಚ್ಚಿಸಿಕೊಂಡರಾಯಿತು ಎಂದುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಜಾಗವನ್ನು ವಿಂಡೋಸ್ ಮತ್ತು ಅದರ ಅಪ್‌ಡೇಟುಗಳೇ ತಿಂದವು. ಹೆಚ್ಚಿಸಲು ಹೋದಾಗಲೇ ಗೊತ್ತಾದದ್ದು: ಒಳಗಿರುವುದು ಇಎಂಎಂಸಿ ಚಿಪ್ಪು, ಎಸ್‌ಎಸ್‌ಡಿಯಂತೆ ಕಳಚಿ ಬದಲಿಸುವಂಥದ್ದಲ್ಲ. ರ‍್ಯಾಮಿನದೂ ಅದೇ ಕತೆ.

ನಿಜವಾದ ಪೆಟ್ಟು ಬಿದ್ದದ್ದು 2022ರ ಜುಲೈಯಲ್ಲಿ. ಬಸ್ಸಿನ ಕಿಟಕಿ ಪಕ್ಕ ಕೂತು ನಿದ್ದೆಹೋದೆ. ಎರಚಲಿಗೆ ಚೀಲ ನೆನೆಯಿತು. ಹುಬ್ಬಳ್ಳಿಯಲ್ಲಿಳಿದು, ಒಣಗುವ ತನಕ ಕಾಯದೆ, ಗಾಬರಿಯಲ್ಲಿ ಆನ್ ಮಾಡಿಬಿಟ್ಟೆ. ಒಮ್ಮೆ ಬೆಳಗಿ ಆರಿತು. ರಿಪೇರಿಯವನನ್ನು, ಡಿಸ್ಕಾದರೂ ತೆಗೆದುಕೊಡಪ್ಪ ಎಂದು ಕೇಳಿದೆ. “ಬೋರ್ಡಿಗೇ ಬೆಸುಗಿ ಹಾಕ್ಯಾರ‍್ರೀ ಮೇಡಂ, ತಗ್ಯಾಕ ಬರೂದಿಲ್ರೀ” ಎಂದ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಇಳಿಸಿಡುವ ರೂಢಿಯಿತ್ತು, ಆ ಸಲ ಮೂರು ವಾರ ತಪ್ಪಿಸಿದ್ದೆ. ಅನುವಾದದ ಎರಡು ಅಧ್ಯಾಯ ಹೋದವು. ಮತ್ತೆ ಬರೆದೆ. ಮೊದಲ ಸಲ ತಾನಾಗಿ ಒದಗಿದ್ದ ಕೆಲವು ಮಾತುಗಳು ಎರಡನೆಯ ಸಲ ಬರಲೇ ಇಲ್ಲ.

ಈಗಿನದರಲ್ಲಿ ತಳದ ಸ್ಕ್ರೂ ಬಿಚ್ಚಿದರೆ 256 ಜಿಬಿಯ ಎಸ್‌ಎಸ್‌ಡಿ ಕೈಗೆ ಬರುತ್ತದೆ, ರ‍್ಯಾಮಿಗೂ ಒಂದು ಖಾಲಿ ಕಿಂಡಿಯಿತ್ತು. ಆದರೂ ದಿನದ ಕೆಲಸ ದಿನವೇ ಇನ್ನೊಂದು ಕಡೆ ಇಳಿಯುತ್ತದೆ. ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕೊಟ್ಟೆಯೂ ಇದೆ.

5. ಗಂಟೆ ಬಿಟ್ಟು ವ್ಯಾಟ್-ಅವರ್ ಓದಿ

ಈಗಿನದರ ಜಾಹೀರಾತಿನಲ್ಲಿ 10 ಗಂಟೆ ಎಂದಿತ್ತು. ಬ್ಯಾಟರಿಯ ಅಳತೆ 38 ವ್ಯಾಟ್-ಅವರ್. ನನ್ನ ಕೆಲಸಕ್ಕೆ ಯಂತ್ರ ಆರೇಳು ವ್ಯಾಟ್ ಎಳೆಯುತ್ತದೆ. ಭಾಗಿಸಿದರೆ ಐದೂವರೆ, ಆರು ಗಂಟೆ. ಸಿಕ್ಕಿದ್ದೂ ಅಷ್ಟೇ. ಇದನ್ನು ಕೊರತೆ ಎನ್ನಲಾರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮಲ್ಲಿ ಅದು ಬರುವುದು ಮಾರನೆಯ ದಿನ. ಹಳೆಯ ದೊಡ್ಡ ಯಂತ್ರ ಒಂದೂವರೆ ಗಂಟೆಗೆ ಕಣ್ಣು ಮುಚ್ಚುತ್ತಿದ್ದ ಜಾಗದಲ್ಲಿ ಇದು ಇಡೀ ಸಂಜೆ ನನ್ನ ಜೊತೆ ಕೂರುತ್ತದೆ.

6. ನನಗೆ ಒಗ್ಗಿದ್ದನ್ನು ತಮ್ಮನ ಮಗಳಿಗೆ ಕೊಡಿಸಬಾರದಿತ್ತು

ನನ್ನ ಈಗಿನ ಲ್ಯಾಪ್‌ಟಾಪಿನಲ್ಲಿ ಫ್ಯಾನಿಲ್ಲ. ಸದ್ದಿಲ್ಲ, ದೂಳೂ ಅಷ್ಟಾಗಿ ಒಳಗೆ ಹೋಗುವುದಿಲ್ಲ. ರಾತ್ರಿ ಅಮ್ಮ ಪಕ್ಕದಲ್ಲೇ ಮಲಗಿದ್ದರೂ ಕೆಲಸ ಮಾಡಬಹುದು. ಆ ಸುಖಕ್ಕೆ ಮನಸೋತು, ಇಂಜಿನಿಯರಿಂಗ್ ಸೇರಿದ ತಮ್ಮನ ಮಗಳಿಗೂ ಇಂಥದ್ದೇ ಕೊಡಿಸಿದೆ. ಅವಳಿಗೆ ಬೇಕಿದ್ದದ್ದು ಮೂರು ಆಯಾಮದ ನಕ್ಷೆ ಬಿಡಿಸುವ ತಂತ್ರಾಂಶ. ಫ್ಯಾನಿಲ್ಲದ ಯಂತ್ರ ಬಿಸಿಯಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಒಂದು ಇಡೀ ಸೆಮಿಸ್ಟರು ಅವಳು ಗೆಳತಿಯ ಲ್ಯಾಪ್‌ಟಾಪು ಬಿಡುವಾಗುವುದನ್ನೇ ಕಾದು ಅಸೈನ್‌ಮೆಂಟು ಮುಗಿಸಿದಳು. “ಅತ್ತೆ ಪ್ರೀತಿಯಿಂದ ಕೊಡಿಸಿದ್ದು” ಎಂದು ನನಗೆ ಹೇಳಿರಲೂ ಇಲ್ಲ.

ಕೊನೆಗೆ ತಿಳಿದು, ದಪ್ಪಗಿನ, ಫ್ಯಾನಿರುವ, 16 ಜಿಬಿಯ ಒಂದನ್ನು ಇಬ್ಬರೂ ಹೋಗಿ ತಂದೆವು. ಈ ಸಲ ಅಂಗಡಿಯಲ್ಲಿ ಅವಳು ಮಾತಾಡಿದಳು, ನಾನು ಚೀಲ ಹಿಡಿದು ನಿಂತಿದ್ದೆ. ಆ ಹಗುರವಾದದ್ದು ಈಗ ನಮ್ಮ ಮನೆಯಲ್ಲಿದೆ. ಮಧ್ಯಾಹ್ನ ಊಟವಾದಮೇಲೆ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಯಕ್ಷಗಾನ ನೋಡುತ್ತಾಳೆ. ಎತ್ತಲು ಹಗುರ, ಬಿಸಿಯೂ ಆಗುವುದಿಲ್ಲ ಎನ್ನುತ್ತಾಳೆ.