ನಿಸರ್ಗವನ್ನು ಕಂಡು ಕವಿತೆ ಬರೆಯುವುದು

ನಮ್ಮ ವಾಚನಾಲಯದ ಕೈಬರಹದ ಸಂಚಿಕೆಗೆ ತರುಣ ಮಿತ್ರರು ಕೊಡುವ ಕವಿತೆಗಳಲ್ಲಿ ಮುಕ್ಕಾಲು ಪಾಲು ನಿಸರ್ಗವನ್ನು ಕುರಿತವು. ಇದು ಸಂತೋಷದ ಸಂಗತಿಯೇ. ಆದರೆ ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ವಿಚಿತ್ರ ಕಾಣುತ್ತದೆ. ಮಾವಿನ ಮರದಲ್ಲಿ ಕೋಗಿಲೆ, ಬಾನಿನಲ್ಲಿ ಹುಣ್ಣಿಮೆ, ಕೊಳದಲ್ಲಿ ತಾವರೆ, ತಾವರೆಯ ಮೇಲೆ ದುಂಬಿ. ಬರೆದವರು ಬೇರೆ ಬೇರೆ, ಬರೆದದ್ದು ಒಂದೇ! ಮುಂಬಯಿಯ ಚಾಳಿನಲ್ಲಿ ಹುಟ್ಟಿ, ಇಲ್ಲಿಯೇ ಓದಿ, ತಾವರೆಯ ಕೊಳವನ್ನು ಪಟದಲ್ಲಿ ಮಾತ್ರ ಕಂಡವರೂ ಅದನ್ನೇ ಬರೆಯುತ್ತಾರೆ. ಕಿಟಕಿಯ ಹೊರಗೆ ಸುರಿಯುತ್ತಿರುವ ಮಳೆ ಕವಿತೆಗೆ ತಕ್ಕದ್ದಲ್ಲವೆಂದು ಅವರಿಗೆ ಯಾರೋ ಹೇಳಿಕೊಟ್ಟಂತಿದೆ.

ಈ ಪಾಠ ಅಂಥ ಮಿತ್ರರಿಗಾಗಿ. ನಾವು ಪಂಡಿತರಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನಿಕೆ ಮಾಡುತ್ತ, ಸಂಜೆಯ ಹೊತ್ತು ಇಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು. ಛಂದಸ್ಸನ್ನೂ ಅಲಂಕಾರವನ್ನೂ ಬಲ್ಲವರಿಂದಲೇ ಕಲಿಯಬೇಕು. ಆದರೆ ಅವೆರಡಕ್ಕಿಂತ ಮೊದಲಿನ ಕೆಲಸವೊಂದಿದೆ, ನೋಡುವುದು. ಅದಕ್ಕೆ ಪಾಂಡಿತ್ಯ ಬೇಕಿಲ್ಲ, ಬಿಡುವೂ ಬಹಳ ಬೇಕಿಲ್ಲ.

ಹಿಂದಿನ ಕಾಲದಲ್ಲಿ ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರಲೇಬೇಕೆಂಬ ಸಂಪ್ರದಾಯವಿತ್ತು. ಸಮುದ್ರ, ಪರ್ವತ, ಪಟ್ಟಣ, ಋತುಗಳು, ಸೂರ್ಯೋದಯ, ಚಂದ್ರೋದಯ, ಉದ್ಯಾನ ಮುಂತಾಗಿ. ಸಮುದ್ರವನ್ನು ಎಂದೂ ಕಾಣದ ಕವಿಯೂ ಅದನ್ನು ವರ್ಣಿಸಬೇಕಾಗುತ್ತಿತ್ತು. ನಮ್ಮ ತರುಣರ ತಾವರೆ, ದುಂಬಿಗಳು ಬಂದದ್ದು ಆ ಮನೆತನದಿಂದಲೇ. ಆದರೆ ದೊಡ್ಡ ಕವಿಗಳು ಆ ಕಟ್ಟಿನೊಳಗಿದ್ದೂ ಕಣ್ಣು ಮುಚ್ಚಿದವರಲ್ಲ. ಹತ್ತನೆಯ ಶತಮಾನದ ಪಂಪನನ್ನೇ ನೋಡಿ. ಅವನಿದ್ದದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ; ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಅಲ್ಲಿದ್ದುಕೊಂಡು 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯನ್ನು ನೆನೆದಾಗ ಅವನು ಆಧಾರವಾಗಿ ಹಿಡಿದದ್ದು ತೆಂಕಲಿಂದ ಬೀಸುವ ಗಾಳಿ, ಅರಳಿದ ಮಲ್ಲಿಗೆಗಳಂಥ ನಾಲ್ಕಾರು ಸಣ್ಣ ಸಂಗತಿಗಳನ್ನು. ಊರಿಂದ ದೂರವಿರುವ ನಮಗೆಲ್ಲ ಅವನು ಹತ್ತಿರದ ನಂಟನೆನಿಸುವುದು ಅದಕ್ಕೇ.

ಹಾಗಾದರೆ ಕಣ್ಣೆದುರಿಗೆ ಇಲ್ಲದ್ದನ್ನು ಬರೆಯಬಾರದೇ ಎಂದು ಕೇಳಬಹುದು. ಧಾರಾಳವಾಗಿ ಬರೆಯಬಹುದು. ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದ ಮೇಲೆ ಅವರ ಲೇಖನಿ ಕನ್ನಡಕ್ಕೆ ತಿರುಗಿತು. ಓದಿಗೂ ನೌಕರಿಗೂ ಮೈಸೂರಿನಲ್ಲಿ ನೆಲೆಸಿದ ಅವರು ಕುಪ್ಪಳಿಯ ಕಾಡನ್ನು ಬರೆಯುವುದನ್ನು ಬಿಡಲಿಲ್ಲ. 'ಮಲೆನಾಡಿನ ಚಿತ್ರಗಳು' 1933ರಲ್ಲಿ ಹೊರಬಂತು. ಅವರು ನೆನಪಿನಿಂದ ಬರೆದರು, ನಿಜ. ಆದರೆ ಆ ನೆನಪು ಅವರ ಸ್ವಂತದ್ದು. ನಮ್ಮ ತಕರಾರು ಕಡ ತಂದ ನೋಟದ ಮೇಲೆ ಮಾತ್ರ.

ನೋಟ ಹೇಗೆ ಕವಿತೆಯಾಗುತ್ತದೆಂಬುದಕ್ಕೆ ತೇದಿಸಹಿತ ಲೆಕ್ಕ ಸಿಗುವುದು ಅಪರೂಪ. ಅಂಥದೊಂದು ಇಂಗ್ಲೆಂಡಿನಲ್ಲಿದೆ. ಶಾಲೆಯ ಪುಸ್ತಕದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಆ ಹೂವನ್ನು ಕಂಡವರು ಎಷ್ಟೋ! 1802ನೆಯ ಇಸವಿ ಏಪ್ರಿಲ್ 15ರಂದು ಕವಿ ತನ್ನ ತಂಗಿ ಡೊರೊತಿಯೊಡನೆ ಅಲ್ಸ್‌ವಾಟರ್ ಎಂಬ ಸರೋವರದ ದಂಡೆಯಲ್ಲಿ ಬರುತ್ತಿದ್ದ. ಬಿರುಗಾಳಿ ಬೀಸುತ್ತಿತ್ತು. ನೀರಿನಂಚಿನಲ್ಲಿ ಮೊದಲು ಕೆಲವು ಹೂ ಕಂಡವು. ಮುಂದೆ ಹೋದಂತೆ ದಂಡೆಯುದ್ದಕ್ಕೂ ಹೂವೇ ಹೂ. ತಂಗಿ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಹಾವಸೆ ಹಿಡಿದ ಕಲ್ಲುಗಳ ನಡುವೆ ಹೂಗಳು ಬೆಳೆದದ್ದು, ಕೆಲವು ದಣಿದು ಕಲ್ಲಿನ ಮೇಲೆ ತಲೆಯಿಟ್ಟಂತಿದ್ದದ್ದು, ಉಳಿದವು ಗಾಳಿಗೆ ತೂಗಾಡಿ ನಗುವಂತಿದ್ದದ್ದು, ಎಲ್ಲವೂ ಅದರಲ್ಲಿದೆ. ಕವಿ ಪದ್ಯ ಬರೆದದ್ದು 1804ರಲ್ಲಿ, ಅಚ್ಚಾದದ್ದು 1807ರಲ್ಲಿ. ನಡುವೆ ಎರಡು ವರ್ಷ ಆ ಹೂಗಳು ಅವನ ಮನಸ್ಸಿನಲ್ಲಿದ್ದವು. ಪದ್ಯದಲ್ಲಿ ಮಾತ್ರ ಅವನು ಒಬ್ಬನೇ ತಿರುಗಾಡುತ್ತಾನೆ. ಪಾಪ, ತಂಗಿಯ ಸುಳಿವೇ ಇಲ್ಲ. ಸ್ಫೂರ್ತಿಯೆಂದರೆ ಆಕಾಶದಿಂದ ಥಟ್ಟನೆ ಇಳಿಯುವ ವಸ್ತುವೆಂದು ಕಾಯುತ್ತ ಕುಳಿತವರಿಗೆ ಡೊರೊತಿಯ ದಿನಚರಿಯನ್ನು ತೋರಿಸಬೇಕೆಂದು ನಮಗೆ ಅನ್ನಿಸುತ್ತದೆ.

ಆದ್ದರಿಂದ ನಾವು ಹೇಳುವುದು ಇಷ್ಟು: ಕಿಸೆಯಲ್ಲಿ ಹಿಡಿಯುವ ಒಂದು ವಹಿಯಿರಲಿ. ಒಂದೇ ವಸ್ತುವನ್ನು ಆರಿಸಿಕೊಂಡು ಹಲವು ದಿನ ನೋಡಿ, ಕಂಡಷ್ಟನ್ನೇ ಬರೆಯಿರಿ. 'ಸುಂದರ', 'ಮನೋಹರ' ಎಂಬ ಮಾತುಗಳನ್ನು ಅದರಲ್ಲಿ ಸೇರಿಸಬೇಡಿ.

ಆ ಕೋಗಿಲೆಯನ್ನೇ ತೆಗೆದುಕೊಳ್ಳಿ. ನಮ್ಮ ಕವಿತೆಗಳಲ್ಲಿ ಅದು ಯಾವಾಗಲೂ ಹಾಡುವ ಹೆಣ್ಣು. ನಿಜವಾಗಿ ಕುಹೂ ಎಂದು ಏರುದನಿಯಲ್ಲಿ ಕೂಗುವುದು ಕಪ್ಪು ಮೈಯ, ಕೆಂಪು ಕಣ್ಣಿನ ಗಂಡು. ಹೆಣ್ಣಿನ ಮೈ ಕಂದು, ಮೇಲೆಲ್ಲ ಬಿಳಿಯ ಚುಕ್ಕೆ. ಅದರದು ಕಿಕ್ ಕಿಕ್ ಎಂಬ ಅವಸರದ ಕೂಗು. ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಈ ಊರಿನ ಕಾಗೆಗಳು ಕಡ್ಡಿಯೊಡನೆ ತಂತಿಯ ತುಂಡುಗಳನ್ನೂ ಹೆಕ್ಕಿ ತಂದು ಗೂಡು ಕಟ್ಟುತ್ತವೆ. ತಂತಿಯ ಗೂಡಿನಲ್ಲಿ ಪರರ ಮರಿಗೆ ತುತ್ತಿಡುವ ಕಾಗೆ! ವಸಂತದ ದೂತಿಯನ್ನು ಕುರಿತ ಹತ್ತು ಪದ್ಯಗಳಿಗಿಂತ ಹೆಚ್ಚಿನ ಸರಕು ಅಲ್ಲಿದೆ. ಅದನ್ನು ನೋಡಲು ಊರಿಗೆ ಹೋಗಬೇಕಾಗಿಲ್ಲ, ಜಗಲಿಯಿಂದ ಎದುರಿನ ಮರವನ್ನು ನೋಡಿದರಾಯಿತು.

ಸಮುದ್ರವೂ ಹಾಗೆಯೇ. ಭರತ, ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇಂದು ಸಂಜೆ ಆರಕ್ಕೆ ಚೌಪಾಟಿಯ ಮೆಟ್ಟಿಲಿಗೆ ಬಂದು ತಾಗಿದ ನೀರು, ವಾರದ ಮೇಲೆ ಅದೇ ಹೊತ್ತಿಗೆ ದೂರ ಸರಿದು ಬರಿಯ ಕೆಸರನ್ನೂ ಕಲ್ಲನ್ನೂ ತೋರಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಏರುವ ಭರತದ ಜೊತೆಗೆ ಜೋರು ಮಳೆಯೂ ಕೂಡಿತೆಂದರೆ ಗಟಾರದ ನೀರಿಗೆ ಹೋಗಲು ದಾರಿಯಿಲ್ಲದೆ ತಗ್ಗಿನ ಬೀದಿಗಳು ಹೊಳೆಯಾಗುತ್ತವೆ. ಕವಿತೆಯ ಹುಣ್ಣಿಮೆಗೂ ತಗ್ಗಿನ ಚಾಳಿನ ಮನೆಯೊಳಗೆ ಬಂದ ನೀರಿಗೂ ಇರುವ ಈ ನಂಟನ್ನು ಬರೆದವರು ನಮ್ಮ ಸಂಚಿಕೆಯಲ್ಲಿ ಇನ್ನೂ ಯಾರೂ ಇಲ್ಲ.

ಒಂದು ಮಾದರಿಯನ್ನು ಕೊಡುತ್ತೇವೆ. ಹಳೆಯ ಕಟ್ಟಡಗಳ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಹುಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಬೀಜ ಮೊಳೆಯುತ್ತದೆ. ವಹಿಯಲ್ಲಿ ಹೀಗೆ ಬರೆದುಕೊಂಡೆವೆನ್ನಿ: 'ಮೂರನೆಯ ಮಾಳಿಗೆ, ನಲ್ಲಿಯ ಕೊಳವೆಯ ಪಕ್ಕ. ಎಲೆ ಏಳು. ಎಳೆಯದು ತಾಮ್ರದ ಬಣ್ಣ. ಗಾಳಿಯಿಲ್ಲವೆಂದು ಕಂಡಾಗಲೂ ಎಲೆಯ ತುದಿ ಅಲುಗುತ್ತದೆ. ಬೇರು ಸುಣ್ಣವನ್ನು ಸೀಳಿದೆ.' ಇಷ್ಟರಿಂದ ನಾಲ್ಕು ಸಾಲು ಮಾಡಬಹುದು:

ಮೂರನೆಯ ಮಾಳಿಗೆ, ಹಿಡಿ ಮಣ್ಣಿಲ್ಲ;
ಕಾಗೆ ಬಿಟ್ಟು ಹೋದ ಬೀಜ
ಸುಣ್ಣ ಸೀಳಿ ಕಾಲೂರಿ ನಿಂತಿದೆ
ಬಾಡಿಗೆ ಕೊಡದ ಬಿಡಾರ.

ಇದೇನೂ ದೊಡ್ಡ ಕವಿತೆಯಲ್ಲ. ಆದರೆ ಏಳು ಎಲೆಗಳನ್ನು ಎಣಿಸದೆ ಹೋಗಿದ್ದರೆ 'ಬಾಡಿಗೆ' ಎಂಬ ಮಾತು ಹೊಳೆಯುತ್ತಿರಲಿಲ್ಲ. ಎಲೆಯ ಎಣಿಕೆ ಕೊನೆಗೆ ಪದ್ಯದಲ್ಲಿ ಉಳಿಯಲಿಲ್ಲವೆಂಬುದನ್ನೂ ಗಮನಿಸಿ.

ಇನ್ನು ಹೆಸರುಗಳ ಮಾತು. ನಮ್ಮ ಹಿರಿಯರಿಗೆ ಬರಿಯ 'ಮಳೆ' ಎಂಬುದಿರಲಿಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಹೆಸರು. ಮುಂಬಯಿಗೆ ಮುಂಗಾರು ತಲಪುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಸುಮಾರಿಗೆ, ಎಂದರೆ ಸರಿಯಾಗಿ ಮೃಗಶಿರಾ ಮಳೆಯ ದಿನಗಳಲ್ಲಿ. ಹೊಲವಿಲ್ಲದ ಊರಿನಲ್ಲಿ ಈ ಹೆಸರುಗಳು ಏಕೆಂದು ಕೇಳುವವರಿದ್ದಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುವ ನಿಸರ್ಗವೆಲ್ಲ ಅಜ್ಜನ ಊರಿನದೇ ಆದರೆ, ಕಣ್ಣೆದುರಿನ ಮಳೆಯನ್ನು ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡುತ್ತಾರೆ. ಆ ಭಾಷೆಗಳ ಮೇಲೆ ನಮಗೆ ಮುನಿಸಿಲ್ಲ. ಆದರೆ ಕನ್ನಡ ರಜೆಯಲ್ಲಿ ಊರಿಗೆ ಹೋದಾಗ ಆಡುವ ಮಾತಾಗಿ ಉಳಿದರೆ, ವಾಚನಾಲಯದ ಬೆಂಚುಗಳ ಮೇಲೆ ಮುಂದೆ ಯಾರು ಕೂಡುತ್ತಾರೆಂಬ ಚಿಂತೆ ನಮ್ಮನ್ನು ಬಿಟ್ಟಿಲ್ಲ. ಮಕ್ಕಳ ಕಪಾಟಿನ ಪುಸ್ತಕಗಳಿಗೆ ವರ್ಷಕ್ಕೊಮ್ಮೆ ರಟ್ಟು ಹಾಕಿಸುತ್ತೇವೆ. ಹರಿಯುವಷ್ಟು ಅವನ್ನು ಓದುವವರು ಕಡಿಮೆಯಾಗುತ್ತಿದ್ದಾರೆ.

ಮನೆಯಲ್ಲಿ ಅಜ್ಜಿ ಇದ್ದರೆ ಮಳೆಗಳ ಹೆಸರನ್ನೂ, ಜಗಲಿಗೆ ಬರುವ ಹಕ್ಕಿಗಳ ಕನ್ನಡದ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಧಾರವಾಡದವರು, ಮಂಗಳೂರಿನವರು, ಕಲಬುರಗಿಯವರು ಬೇರೆ ಬೇರೆ ಹೆಸರು ಹೇಳಿದರೆ ಎಲ್ಲವನ್ನೂ ಬರೆಯಿರಿ. ಯಾವುದು ಸರಿಯೆಂಬ ಜಗಳ ಬೇಡ. ಮಡಿಸಿ ಹೊಲಿದ ಚಿಕ್ಕ ವಹಿಗಳನ್ನು ವರ್ತಮಾನ ಪತ್ರಗಳ ಮೇಜಿನ ಮೇಲೆ ಇಟ್ಟಿದ್ದೇವೆ, ಬೇಕಾದವರು ಕೇಳದೆಯೇ ಒಯ್ಯಬಹುದು. ಮುಂದಿನ ಸಂಚಿಕೆಗೆ ಕವಿತೆ ಕೊಡುವವರು ಅದರ ಜೊತೆಗೆ ಆ ವಹಿಯನ್ನೂ ಕೊಡಬೇಕು. ಓದಿ ಹಿಂದಿರುಗಿಸುತ್ತೇವೆ.