ಪಂಕ್ತಿಯಿಂದ ಎದ್ದು ಹೋಗಬೇಡ, ಮಗಳೇ



ನಿನ್ನ ಮೆಸೇಜು ಸೋಮವಾರ ರಾತ್ರಿ ಬಂತು. ಕನ್ನಡಕ ಹುಡುಕಿ ಓದುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಫೋನಿನ ಬೈಬಲ್ ಆ್ಯಪಿನಲ್ಲಿ 211 ದಿನ ಒಂದೂ ಬಿಡದೆ ಓದಿದ್ದೆ, ಜ್ವರ ಬಂದು ಮಲಗಿದ ಒಂದೇ ದಿನಕ್ಕೆ ಲೆಕ್ಕ ಸೊನ್ನೆಗೆ ಇಳಿಯಿತು, ಅತ್ತುಬಿಟ್ಟೆ ಎಂದು ಬರೆದಿದ್ದೀ. ನನಗೆ ನಗು ಬಂತು, ಸಿಟ್ಟಾಗಬೇಡ. ಮೂರನೆಯದನ್ನು ಓದಿದ ಮೇಲೆ ನಗು ನಿಂತಿತು. ಆ ರವಿವಾರ ಕರ್ತನ ಭೋಜನಕ್ಕೆ ಸಭೆಯವರೆಲ್ಲ ಎದ್ದು ಮುಂದೆ ಹೋದರೂ ನೀನು ಮಾತ್ರ ಕೊನೆಯ ಬೆಂಚಿನಲ್ಲಿ ಕೂತೇ ಇದ್ದೆಯಂತೆ. ಯೋಗ್ಯತೆ ಇಲ್ಲವೆನಿಸಿತಂತೆ.

ಈ ಮಾತನ್ನು ನಮ್ಮ ಸಭೆಯ ಇನ್ನೂ ಇಬ್ಬರು ಮೂವರು ಹುಡುಗರ ಬಾಯಲ್ಲಿ ಕೇಳಿದ್ದೇನೆ. ಅದಕ್ಕೇ ನಿನ್ನನ್ನು ಕೇಳಿ, ನಿನ್ನ ಹೆಸರು ಬಿಟ್ಟು, ಈ ಉತ್ತರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ 34 ವರ್ಷ ಲೆಡ್ಜರ್ ಬರೆದವನು. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಒಮ್ಮೆ ಹನ್ನೊಂದು ರೂಪಾಯಿ ಹೊಂದದೆ ರಾತ್ರಿ ಹತ್ತರವರೆಗೆ ಕೂತಿದ್ದೆವು. ಆ ಅಭ್ಯಾಸ ಪ್ರಾರ್ಥನೆಗೂ ಬಂದುಬಿಟ್ಟಿತ್ತು: ಇಂದು ಎರಡು ಅಧ್ಯಾಯ ಜಮಾ, ಹೆಂಡತಿಯ ಮೇಲೆ ರೇಗಿದ್ದು ಖರ್ಚು. ಆದ್ದರಿಂದ ನಿನ್ನ 211 ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊರಗೆ ನಿಂತು ಬುದ್ಧಿ ಹೇಳುತ್ತಿಲ್ಲ.

ಮೊದಲು ಆ ಯೋಗ್ಯತೆಯ ವಿಷಯ. ‘ಅಯೋಗ್ಯವಾಗಿ ತಿನ್ನುವವನು ಅಪರಾಧಿ’ ಎಂದು ನಿನ್ನನ್ನು ಹೆದರಿಸಿದ ವಾಕ್ಯ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದ್ದು ಎಂದು ಗೊತ್ತು. ಅದರ ಹಿಂದಿನ ಹತ್ತು ವಾಕ್ಯಗಳನ್ನೂ ಸೇರಿಸಿ ಓದು. ಆ ಊರಿನ ಸಭೆಯಲ್ಲಿ ಉಳ್ಳವರು ತಮ್ಮ ಊಟ ತಾವೇ ಮೊದಲು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಪೌಲನ ಸಿಟ್ಟು ಅದರ ಮೇಲೆ. ‘ಅಯೋಗ್ಯವಾಗಿ’ ಎಂಬ ಮಾತು ತಿನ್ನುವ ರೀತಿಗೆ ಹೇಳಿದ್ದು, ತಿನ್ನುವವರಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪಂಕ್ತಿಭೇದ. ಪಂಕ್ತಿಭೇದ ಮಾಡಬೇಡಿರೆಂದು ಬರೆದ ವಾಕ್ಯವನ್ನೇ ಓದಿ ನೀನು ಪಂಕ್ತಿಯಿಂದ ಎದ್ದು ಹಿಂದೆ ಕೂತೆ!

ಈ ಪಂಕ್ತಿಭೇದ ಎಂಬ ಪದ ಕೈಗೆ ಸಿಕ್ಕಿದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯೂ ಬಾಗಿಲು ತೆರೆಯುತ್ತದೆ. ಗಲಾತ್ಯವೆಂದರೆ ಇಂದಿನ ಟರ್ಕಿಯ ನಡುನಾಡು, ಅಂಕಾರಾದ ಸುತ್ತಮುತ್ತಲಿನ ಸೀಮೆ. ಪೌಲ ಅಲ್ಲಿ ಮೊದಲು ಸಾರಿದಾಗ ಕಾಯಿಲೆಯವನಾಗಿದ್ದ. ಆದರೂ ಜನ ಅವನನ್ನು ತಲೆಯ ಮೇಲೆ ಹೊತ್ತರು. ಅವನು ಅತ್ತ ಹೋದ ಮೇಲೆ ಬೇರೆ ಬೋಧಕರು ಇತ್ತ ಬಂದರು. ಕ್ರಿಸ್ತನನ್ನು ನಂಬಿದ್ದು ಒಳ್ಳೆಯದೇ, ಆದರೆ ಸುನ್ನತಿಯೂ ಆಗಬೇಕು, ದಿನ ತಿಂಗಳುಗಳನ್ನೂ ಆಚರಿಸಬೇಕು ಎಂದರು. ಗಮನಿಸು, ಕ್ರಿಸ್ತನನ್ನು ಬಿಡಿ ಎಂದು ಅವರು ಹೇಳಲೇ ಇಲ್ಲ. ‘ಅದರ ಜೊತೆಗೆ ಇದೂ ಇರಲಿ’ ಎಂದರು, ಅಷ್ಟೇ. ಪೌಲ ತನ್ನ ಪತ್ರಗಳನ್ನು ಸಾಮಾನ್ಯವಾಗಿ ದೇವರಿಗೆ ಸ್ತೋತ್ರ ಹೇಳಿ ಶುರುಮಾಡುತ್ತಾನೆ. ಇಲ್ಲಿ ಅದಕ್ಕೂ ತಾಳ್ಮೆಯಿಲ್ಲ, ನೇರ ಜಗಳಕ್ಕೇ ಇಳಿಯುತ್ತಾನೆ. ಸುನ್ನತಿ ಸುನ್ನತಿ ಎನ್ನುವವರು ಪೂರ್ತಿ ಕತ್ತರಿಸಿಕೊಂಡೇ ಬಿಡಲಿ ಎನ್ನುವಷ್ಟು ಕೋಪ. (ಆ ವಾಕ್ಯವನ್ನು ಸಂಡೇ ಸ್ಕೂಲಿನಲ್ಲಿ ನಿಮಗೆ ನಾನು ಓದಿಸಲಿಲ್ಲ, ನೆನಪಿದೆ.)

ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಒಂದು ಊಟದ ಕತೆ ಬರುತ್ತದೆ. ಪೇತ್ರ ಯೆಹೂದ್ಯನಾಗಿದ್ದರೂ ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಮೆಲ್ಲನೆ ಎಲೆ ಬಿಟ್ಟು ಎದ್ದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಪೇತ್ರ ತನ್ನ ಬೋಧನೆಯಲ್ಲಿ ಒಂದಕ್ಷರ ಬದಲಿಸಿರಲಿಲ್ಲ, ಕೂತ ಜಾಗ ಬದಲಿಸಿದ, ಅಷ್ಟೇ. ಸುವಾರ್ತೆಯ ಸತ್ಯ ತಪ್ಪಿತು ಎನ್ನಲು ಪೌಲನಿಗೆ ಅಷ್ಟು ಸಾಕಾಯಿತು. ಎಲ್ಲರೆದುರಿಗೆ ಹಿರಿಯ ಅಪೊಸ್ತಲನ ಮುಖಕ್ಕೆ ಹೇಳಿದ. ಯಾರ ಎಲೆಯೂ ಬೇರೆಯಲ್ಲ, ಯಾರೂ ತಮ್ಮ ಮಡಿಯಿಂದ ಈ ಊಟಕ್ಕೆ ಬಂದವರಲ್ಲ ಎಂಬುದೇ ಕೃಪೆ. ಅದು ಪುಸ್ತಕದಲ್ಲಿ ಉಳಿಯುತ್ತದೋ ಊಟದ ಸಾಲಿನಲ್ಲಿ ಕಾಣುತ್ತದೋ, ಅಲ್ಲೇ ಅದರ ಪರೀಕ್ಷೆ.

ಮಡಿ ಎಂದೆನಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷದ ಮೇಲೆ ನಮ್ಮ ಧಾರವಾಡಕ್ಕೆ. ಸಭೆ ಸೇರುವವರು ಜಾತಿಯನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು, ಒಟ್ಟಿಗೆ ಉಣ್ಣಬೇಕು ಎಂದು ಅವರು ಹಟ ಹಿಡಿದರು. ನಮ್ಮ ಮುತ್ತಜ್ಜನ ಕಾಲದವರು ಆ ಸಾಲಿನಲ್ಲಿ ಕೂತು ಮೊದಲ ತುತ್ತು ನುಂಗಲು ಎಷ್ಟು ಕಷ್ಟಪಟ್ಟರೋ! ಅದೇ ಮಿಷನ್ನಿನವರು ಸಭೆಯ ಶಿಸ್ತಿನಲ್ಲಿ ಬಲು ಬಿಗಿ. ಕೃಪೆಯನ್ನು ಸಾರಲು ಬಂದವರ ಕೈಯಲ್ಲಿ ಕಟ್ಟಳೆಯ ಪುಸ್ತಕವೂ ಇತ್ತು. ನಾವು ಅವರ ಮೊಮ್ಮಕ್ಕಳು. ಹಳೆಯ ಮಡಿ ಬಿಟ್ಟೆವು, ಹೊಸದನ್ನು ನೇಯ್ದುಕೊಂಡೆವು. ಮದುವೆಯ ಮಾತು ಬಂದಾಗ ಹಳೆಯದೂ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ, ಆ ಮಾತು ಇನ್ನೊಂದು ಪತ್ರಕ್ಕಿರಲಿ.

ಯೆಹೂದ್ಯರನ್ನು ಕಟ್ಟಳೆಯ ಕೈದಿಗಳೆಂದು ಚಿತ್ರಿಸುವ ಪ್ರಸಂಗಗಳನ್ನು ಬಹಳ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಅದು ನ್ಯಾಯವಲ್ಲ. ಅವರಿಗೆ ಸಿಮ್ಹತ್ ತೋರಾ ಎಂಬ ಹಬ್ಬವಿದೆ, ಅಂದು ಧರ್ಮಶಾಸ್ತ್ರದ ಸುರುಳಿಯನ್ನು ಎದೆಗೊತ್ತಿಕೊಂಡು ಕುಣಿಯುತ್ತಾರೆ. ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸ 1977ರ ತನ್ನ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ: ದೇವರು ಮೊದಲು ಆರಿಸಿಕೊಂಡ, ಆಜ್ಞೆ ಆಮೇಲೆ ಬಂತು ಎಂದೇ ಆ ಕಾಲದ ಯೆಹೂದ್ಯರು ತಿಳಿದಿದ್ದರು. ದೇವರೊಡನೆ ಜಮಾ-ಖರ್ಚು ಬರೆಯುವ ರೋಗ ಯಾವುದೋ ಒಂದು ಜನಾಂಗದ್ದಲ್ಲ, ನಮ್ಮ ಸಭೆಯಲ್ಲೂ ಬೇಕಾದಷ್ಟಿದೆ.

ಪೌಲನೂ ಧರ್ಮಶಾಸ್ತ್ರ ಕೆಟ್ಟದ್ದೆನ್ನುವುದಿಲ್ಲ. ಅದಕ್ಕೆ ಅವನು ಬಳಸುವ ಗ್ರೀಕ್ ಪದ ಪೈದಗೋಗೊಸ್. ಅದಕ್ಕೆ ಮೇಷ್ಟ್ರು ಎಂದರ್ಥವಲ್ಲ. ಉಳ್ಳವರ ಮನೆಯ ಹುಡುಗನನ್ನು ಕೈಹಿಡಿದು ಶಾಲೆಗೆ ಬಿಟ್ಟು, ದಾರಿಯಲ್ಲಿ ಕಾದು, ತಪ್ಪಿದರೆ ಗದರಿಸುತ್ತಿದ್ದ ಆಳು ಅವನು. ಹುಡುಗನಿಗೆ ಅವನು ಬೇಕೇ ಬೇಕು. ಆದರೆ ಹುಡುಗ ಬೆಳೆದು ಆಸ್ತಿಗೆ ವಾರಸುದಾರನಾದ ಮೇಲೂ ಆಳು ಬಂದು ಕಿವಿ ಹಿಡಿದರೆ ಹೇಗೆ? ದೇವರು ನಿಮ್ಮನ್ನು ಮಕ್ಕಳಾಗಿ ದತ್ತು ತೆಗೆದುಕೊಂಡಿದ್ದಾನೆ, ಈಗ ಅವನನ್ನು ಅಬ್ಬಾ, ಅಪ್ಪಾ ಎಂದು ಕರೆಯುತ್ತೀರಿ ಎನ್ನುತ್ತಾನೆ ಪೌಲ. ರೋಮನ್ನರ ಕಾನೂನಿನಲ್ಲಿ ದತ್ತಕ್ಕೆ ಬಂದವನು ಅರ್ಧ ಮಗನಲ್ಲ, ಪೂರ್ತಿ ವಾರಸುದಾರ. ನಿನ್ನ 211 ಮತ್ತೆ ಸೊನ್ನೆಯಾದದ್ದು ಆಳಿನ ಪುಸ್ತಕದಲ್ಲಿ. ತಂದೆ ಆ ಪುಸ್ತಕ ಬರೆಯುವುದಿಲ್ಲ.

ಇದು ಬರಿಯ ಮಾತಲ್ಲ ಎನ್ನಲು ಲೂಥರನನ್ನು ಕರೆಯುತ್ತೇನೆ. 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠ ಸೇರಿದವನು ಉಪವಾಸ, ಜಾಗರಣೆಗಳಲ್ಲಿ ದೇಹ ಸವೆಸಿದ. ಪಾಪನಿವೇದನೆಗೆ ಕೂತರೆ ಗಂಟೆಗಟ್ಟಲೆ. ಮುಗಿಸಿ ಎದ್ದರೆ ಬಿಟ್ಟುಹೋದದ್ದೊಂದು ನೆನಪಾಗುತ್ತಿತ್ತು. ಅವನ ಗುರು ಸ್ಟೌಪಿಟ್ಸ್ ಕೂಡ ಬೇಸತ್ತ. ಮುಂದೆ 1520ರಲ್ಲಿ ಅದೇ ಲೂಥರ್ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ವಿಶ್ವಾಸಿ ಯಾರಿಗೂ ಆಳಲ್ಲ, ಆದರೂ ಎಲ್ಲರಿಗೂ ಆಳು ಎಂಬುದು ಅದರ ತಿರುಳು. ಎರಡು ವರ್ಷದ ಮೇಲೆ ಜ್ಯೂರಿಕ್‌ನಲ್ಲಿ ಫ್ರೋಶೌರ್ ಎಂಬ ಮುದ್ರಕ, ಮಾಂಸ ತಿನ್ನಬಾರದ ಲೆಂಟಿನ ದಿನಗಳಲ್ಲಿ, ತನ್ನ ಕೆಲಸಗಾರರಿಗೆ ಸಾಸೇಜು ಹಂಚಿ ದೊಡ್ಡ ಗಲಾಟೆಯೇ ಆಯಿತು. ಪಾದ್ರಿ ಜ್ವಿಂಗ್ಲಿ ಅಲ್ಲಿದ್ದ. ತಾನು ಒಂದು ಚೂರೂ ತಿನ್ನಲಿಲ್ಲ, ತಿಂದವರ ಪರವಾಗಿ ಮಾತ್ರ ಪ್ರಸಂಗ ಮಾಡಿದ. ತಿಂದವರಿಗಿಂತ ತಿನ್ನದೆ ಅವರ ಪರ ನಿಂತವನೇ ನನಗೆ ಹೆಚ್ಚು ಇಷ್ಟ.

ಈಗ ನನ್ನದೇ ಒಂದು ಕತೆ. ನನ್ನ ಮದುವೆಯಾದ ಹೊಸತು. ವಿಶ್ವಾಸದಲ್ಲಿ ಬಿಸಿ ಹೆಚ್ಚಿದ್ದ ಕಾಲ. ಪಕ್ಕದ ಮನೆಯ ವೈನಿ ಗಣೇಶ ಚೌತಿಯ ದಿನ ಒಂದು ತಟ್ಟೆ ಕಡಬು, ಕರ್ಚಿಕಾಯಿ ತಂದು ಕೊಟ್ಟರು. ‘ನಮಗೆ ಇದು ನಡೆಯುವುದಿಲ್ಲ’ ಎಂದು ಬಾಗಿಲಲ್ಲೇ ಹಿಂದಿರುಗಿಸಿದೆ. ನನ್ನ ಹೆಂಡತಿಗೆ ಬಸಿರಿನಲ್ಲಿ ಕಾಯಿಲೆಯಾದಾಗ ಹದಿನೈದು ದಿನ ಗಂಜಿ ಕಾಯಿಸಿ ತಂದಿದ್ದ ಕೈ ಅದು. ವೈನಿ ಏನೂ ಅನ್ನಲಿಲ್ಲ, ಸೆರಗಿನಿಂದ ತಟ್ಟೆ ಮುಚ್ಚಿಕೊಂಡು ಹೋದರು. ಮರುವರ್ಷ ತಟ್ಟೆ ಬರಲಿಲ್ಲ.

ತಿನ್ನಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಕೊರಿಂಥದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಗುಡಿಗಳಲ್ಲಿ ಬಲಿಕೊಟ್ಟ ಮಾಂಸ ಅಲ್ಲಿನ ಪೇಟೆಗೂ ಬರುತ್ತಿತ್ತು. ಪೌಲ ಒಂದೇ ಗೆರೆ ಎಳೆದು ಕೈತೊಳೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ, ನೆರೆಯವರು ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಿ, ‘ಇದು ನೈವೇದ್ಯ’ ಎಂದು ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ, ವಿಗ್ರಹಾರಾಧನೆಯಲ್ಲಿ ಪಾಲುಗಾರರಾಗಬೇಡಿ. ನಾಲ್ಕನ್ನೂ ಹೇಳಿದ. ನಮ್ಮಲ್ಲಿ ಪ್ರಸಾದ ಮುಟ್ಟದವರಿದ್ದಾರೆ, ಮುಟ್ಟುವವರೂ ಇದ್ದಾರೆ. ಇಬ್ಬರೂ ಪ್ರಾರ್ಥನೆ ಮಾಡುವವರೇ. ನನ್ನ ತಪ್ಪು ಬೇರೆ. ವೈನಿಯನ್ನು ಒಳಗೆ ಕರೆದು, ಕೂಡಿಸಿ, ಚಹಾ ಕೊಟ್ಟು, ಕೈಮುಗಿದು ನನ್ನ ಸಂಕೋಚ ಹೇಳಬಹುದಿತ್ತು. ನಾನು ಕಟ್ಟಳೆಯ ಮುಖ ನೋಡಿದೆ, ಅವರ ಮುಖ ನೋಡಲಿಲ್ಲ.

ಹಾಗಾದರೆ ಹೇಗೆ ಬದುಕಿದರೂ ನಡೆಯುತ್ತದೆಯೇ ಎಂದು ನೀನು ಹೋಗುವ ಪ್ರಾರ್ಥನೆಯ ಗುಂಪಿನವರು, ನಿನ್ನ ಫೆಲೋಶಿಪ್ಪಿನವರು, ಕೇಳಿಯೇ ಕೇಳುತ್ತಾರೆ. ಕೇಳಲಿ, ಪೌಲನನ್ನೂ ಕೇಳಿದ್ದರು. ಈ ಸ್ವಾತಂತ್ರ್ಯವನ್ನು ದೇಹದಾಸೆಗೆ ನೆವ ಮಾಡಿಕೊಳ್ಳಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲೇ ಅವನ ಉತ್ತರವಿದೆ. ಅಗ್ಗದ ಕೃಪೆಯ ವಿರುದ್ಧ 1937ರಲ್ಲಿ ಪುಸ್ತಕ ಬರೆದ ಜರ್ಮನಿಯ ಬಾನ್‌ಹೋಫರ್ ಹಿಟ್ಲರನ ವಿರುದ್ಧ ನಿಂತು, 1945ರ ಏಪ್ರಿಲಿನಲ್ಲಿ ಗಲ್ಲಿಗೇರಿದ. ಕೃಪೆಯನ್ನು ನಂಬಿದವನು ಸೋಮಾರಿಯಾಗುತ್ತಾನೆ ಎನ್ನುವವರಿಗೆ ಅವನ ಹೆಸರು ಹೇಳು.

ಬೆಳಗಿನ ಐದು ಗಂಟೆಯ ಪ್ರಾರ್ಥನೆ ಬಿಡು ಎಂದು ನಾನು ಹೇಳುವುದಿಲ್ಲ. ನಾನೂ ಏಳುತ್ತೇನೆ, ವಯಸ್ಸಾದ ಮೇಲೆ ನಿದ್ದೆಯೇ ಬರುವುದಿಲ್ಲ ಎಂಬುದು ಬೇರೆ ಮಾತು. ಶುಕ್ರವಾರದ ಉಪವಾಸ ನಿನಗೆ ಹಿತವಾದರೆ ಮಾಡು. ನೀನು ಕಿವಿಯ ಓಲೆ ತೆಗೆದಿಟ್ಟ ವಿಷಯ ಮಾತ್ರ ನಿನ್ನ ಅವ್ವನ ಕಣ್ಣಲ್ಲಿ ನೀರು ತಂದಿದೆ, ಅದನ್ನು ಹೇಳದಿರಲಾರೆ. ಅಜ್ಜಿ ಕೊಟ್ಟ ಓಲೆ ಅದು. ತೆಗೆಯುವುದು ನಿನ್ನ ಇಷ್ಟವಾಗಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಆದರೆ ತೆಗೆದ ಮೇಲೆ ನೀನು ಹಾಕಿಕೊಂಡವರ ಕಿವಿ ನೋಡಲು ಶುರುಮಾಡಿದ್ದೀಯಂತೆ.

ತಪ್ಪಿಹೋದ ಮಗನ ಸಾಮ್ಯ ನಿನಗೆ ಬಾಯಿಪಾಠ. ಹಿರಿಯ ಮಗನನ್ನು ಇನ್ನೊಮ್ಮೆ ನೋಡು. ಒಳಗೆ ಔತಣ, ಹಾಡು, ಕುಣಿತ. ಅವನು ಹೊರಗೆ ಅಂಗಳದಲ್ಲಿ ನಿಂತು ಇಷ್ಟು ವರ್ಷ ದುಡಿದದ್ದರ ಲೆಕ್ಕ ಒಪ್ಪಿಸುತ್ತಿದ್ದಾನೆ, ಸಿಗದ ಒಂದು ಆಡಿನ ಮರಿಯ ಸಮೇತ. ಒಂದು ದಿನವೂ ಮನೆ ಬಿಟ್ಟು ಹೋದವನಲ್ಲ, ಆದರೂ ಕೂಲಿಯವನ ಹಾಗೆ ಬದುಕಿದ. ಅವನಿಗಾಗಿ ತಂದೆಯೇ ಎದ್ದು ಹೊರಗೆ ಬಂದ. ಅವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ.

ನವೆಂಬರಿನಲ್ಲಿ ನಮ್ಮ ಸಭೆಯ ಸುಗ್ಗಿ ಹಬ್ಬ. ರಜೆ ಹಾಕಿ ಬಾ. ಹೋದ ವರ್ಷ ಹರಾಜಿನಲ್ಲಿ ನಿನ್ನಪ್ಪ ಒಂದು ಕುಂಬಳಕಾಯಿಗೆ ಆರುನೂರು ಕೂಗಿ ನಿನ್ನವ್ವನಿಂದ ಬೈಸಿಕೊಂಡದ್ದು ಇನ್ನೂ ಮುಗಿದಿಲ್ಲ. ಬೆಳಿಗ್ಗೆ ಕರ್ತನ ಭೋಜನ, ಮಧ್ಯಾಹ್ನ ಪ್ರೀತಿಭೋಜನ. ಬೆಳಿಗ್ಗೆ ನನ್ನ ಜೊತೆ ಮೂರನೆಯ ಬೆಂಚಿನಲ್ಲಿ ಕೂತುಕೋ. ನನಗೆ ಮೊಣಕಾಲು ನೋವು, ಮುಂದೆ ಹೋಗಲು ಯಾರಾದರೂ ಕೈ ಹಿಡಿಯಬೇಕು. ಮಧ್ಯಾಹ್ನ ಬಡಿಸಲು ಆಳು ಸಾಲದು. ಮೊದಲ ಪಂಕ್ತಿಗೆ ಸಾರಿನ ಬಕೆಟ್ಟು ನಿನ್ನ ಕೈಗೆ.

ಇತಿ ನಿನ್ನ,
ಸಂಡೇ ಸ್ಕೂಲಿನ ಅಜ್ಜ