ತಪ್ಪು ಮಾಡದ ಹುಡುಗಿಯ ತಪ್ಪೊಪ್ಪಿಗೆ

ಮನೆಯಲ್ಲಿ ಒಂದು ಒಡವೆ ಕಾಣದಾದರೆ ನಾವು ಮೊದಲು ಸಂಶಯಿಸುವುದು ಯಾರನ್ನು? ಹೆಚ್ಚಾಗಿ, ಹೊರಗಿನಿಂದ ಬಂದವರನ್ನೇ.

ಕೆನಡದ ಲೇಖಕಿ ಎಲ್. ಎಂ. ಮಾಂಟ್‌ಗೊಮರಿಯವರು 1908ರಲ್ಲಿ ಪ್ರಕಟಿಸಿದ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯ ನಾಯಕಿ ಆ್ಯನ್ 11 ವರ್ಷದ ಅನಾಥೆ. ಮದುವೆಯಾಗದೆ ಒಟ್ಟಿಗಿದ್ದ ಒಡಹುಟ್ಟಿದವರು ಮ್ಯಾಥ್ಯೂ ಮತ್ತು ಮರಿಲ್ಲಾ. ಹೊಲದ ಕೆಲಸಕ್ಕೆ ಹುಡುಗ ಬೇಕೆಂದು ಇವರು ಹೇಳಿಕಳುಹಿಸಿದ್ದರು. ಬಂದವಳು ಈ ಕೆಂಪು ಕೂದಲಿನ ಮಾತುಗಾತಿ.

ಒಂದು ದಿನ ಮರಿಲ್ಲಾಳ ಹರಳಿನ ಬ್ರೂಚ್ ಕಾಣೆಯಾಗುತ್ತದೆ. ಮುಟ್ಟಿದ್ದು ನಿಜ, ತಿರುಗಿ ಅಲ್ಲೇ ಇಟ್ಟೆ ಎನ್ನುತ್ತಾಳೆ ಆ್ಯನ್. ಮರಿಲ್ಲಾ ನಂಬುವುದಿಲ್ಲ, ತಪ್ಪೊಪ್ಪಿಕೊಳ್ಳುವ ತನಕ ಕೋಣೆ ಬಿಡಕೂಡದೆಂದು ಶಿಕ್ಷೆ. ಪಿಕ್ನಿಕ್‌ ತಪ್ಪೀತೆಂಬ ಚಿಂತೆಯಲ್ಲಿ ಹುಡುಗಿ, ಬ್ರೂಚ್ ನೀರಿಗೆ ಬಿತ್ತೆಂದು ಸೊಗಸಾದ ಸುಳ್ಳು ಕಟ್ಟುತ್ತಾಳೆ. ನಿಜಕ್ಕೆ ಬೆಲೆಯಿಲ್ಲದಲ್ಲಿ ಮಗು ಇನ್ನೇನು ಮಾಡೀತು? ಆದರೆ ಆ ಸುಳ್ಳಿಗೇ ಪಿಕ್ನಿಕ್ ರದ್ದಾಗುತ್ತದೆ!

ಅದೇ ದಿನ, ಹರಿದ ಶಾಲು ಹೊಲಿಯಹೊರಟ ಮರಿಲ್ಲಾಳಿಗೆ ಬ್ರೂಚ್ ಅದರ ದಾರಕ್ಕೆ ಸಿಕ್ಕಿಕೊಂಡಿರುವುದು ಕಾಣಿಸುತ್ತದೆ. ಗಂಭೀರೆಯಾದ ಆ ಹಿರಿಯಳು ಮಾಡಿಗೆ ಹತ್ತಿ ಹೋಗಿ, ತಪ್ಪು ತನ್ನದೆಂದು ಮಗುವಿನ ಮುಂದೆ ಒಪ್ಪಿಕೊಂಡು, ಪಿಕ್ನಿಕ್‌ಗೆ ಕಳುಹಿಸುತ್ತಾಳೆ.

ಹೊರಗಿನವಳು ಬೆಳೆದ ಕಥೆಯೆಂದೇ ಈ ಪುಸ್ತಕವನ್ನು ಹೊಗಳುವುದುಂಟು. ಈ ಪ್ರಸಂಗದಲ್ಲಿ ಬೆಳೆದವಳು ಮರಿಲ್ಲಾ ಎಂದು ನನಗೆ ತೋರುತ್ತದೆ. ವರ್ಷಗಳ ಮೇಲೆ ಮ್ಯಾಥ್ಯೂ ತೀರಿಕೊಂಡು ಮರಿಲ್ಲಾಳ ಕಣ್ಣು ಮಂಜಾದಾಗ, ಆ್ಯನ್ ಗಳಿಸಿದ್ದ ಕಾಲೇಜು ವಿದ್ಯಾರ್ಥಿವೇತನವನ್ನು ಬಿಟ್ಟು ಆ ಮನೆಯಲ್ಲೇ ಉಳಿಯುತ್ತಾಳೆ. ಬೇಡವೆಂದವಳು ಮರಿಲ್ಲಾಳೇ; ಈ ಸಲ ಹುಡುಗಿ ಅವಳ ಮಾತು ಕೇಳಲಿಲ್ಲ.